ಹನ್ನೆರಡು ಹುಡುಗರ ಒಂದೇ ಮನಸ್ಸು

ಮನುಷ್ಯನಿಗೆ ಗರ್ವ ಬರಲು ಸಿಂಹಾಸನವೇ ಬೇಕೆಂದಿಲ್ಲ. ಹಿತ್ತಾಳೆ ಗುಂಡಿಗಳ ಒಂದು ನೀಲಿ ಕೋಟು ಸಾಕು. ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷಗಳಿಂದ ಹುಡುಗರನ್ನು ಓಡಿಸುತ್ತ, ಬೈಯುತ್ತ, ಸೀಟಿ ಊದುತ್ತ ಬಂದಿದ್ದ ಉಡಚಪ್ಪ ಮುಗದ ಮಾಸ್ತರರ ಮೈಮೇಲೆ ಆ ಕೋಟು ಏರಿದ್ದು ೨೦೦೪ರ ನವೆಂಬರಿನಲ್ಲಿ. ವಿಶ್ವವಿದ್ಯಾಲಯದ ಕಬಡ್ಡಿ ತಂಡಕ್ಕೆ ಮ್ಯಾನೇಜರರಾಗಬೇಕೆಂದು ಅವರು ಹತ್ತೊಂಬತ್ತು ವರ್ಷ ಅರ್ಜಿ ಹಾಕಿದ್ದರು. ಹತ್ತೊಂಬತ್ತು ವರ್ಷವೂ ಬೇರೆ ಯಾರೋ ಹೋಗಿದ್ದರು. ಇಪ್ಪತ್ತನೆಯ ಸಲ, ನಿವೃತ್ತಿಗೆ ಆರು ತಿಂಗಳು ಉಳಿದಿರುವಾಗ, ಪಟ್ಟಿಯಲ್ಲಿ ಅವರ ಹೆಸರು ಮೂಡಿತು. ಡಿಸೆಂಬರ್ ಹತ್ತಕ್ಕೆ ಹುಬ್ಬಳ್ಳಿ ಸ್ಟೇಶನ್ನಿನಿಂದ ರೈಲು. ಹದಿಮೂರಕ್ಕೆ ಮಧುರೈಯಲ್ಲಿ ದಕ್ಷಿಣ ವಲಯದ ಪಂದ್ಯಾವಳಿ. ಈ ಸಲ ತಪ್ಪಿದರೆ ಮುಂದಿನ ಸಲವೆಂಬುದು ಅವರ ಜಾತಕದಲ್ಲಿ ಇರಲಿಲ್ಲ.

ಆದ್ದರಿಂದಲೇ ಅವರು ದುರ್ಗದಬೈಲಿನ ಸಿಂಪಿಗನ ಬಳಿ ಕೋಟು ಹೊಲಿಸಿದರು, ಎದೆಯ ಮೇಲೆ ವಿಶ್ವವಿದ್ಯಾಲಯದ ಲಾಂಛನ ಕೂರಿಸಿದರು, ಮತ್ತು ರೈಲು ಬರುವವರೆಗೆ ಕಾಯುವ ತಾಳ್ಮೆ ಇಲ್ಲದೆ ಅಂದಿನಿಂದಲೇ ತೊಟ್ಟುಕೊಂಡು ತಿರುಗತೊಡಗಿದರು.

"ಬದನಿಕಾಯಿ ತರಾಕ ಕೋಟ್ ಯಾಕ್ರಿ?" ಎಂದು ಹೆಂಡತಿ ಸಾವಕ್ಕ ಕೇಳಿದರೆ,

"ಬದನಿಕಾಯಿ ಯಾರರ ತರ್ತಾರ. ಮ್ಯಾನೇಜರ್ ತಂದದ್ದು ಬ್ಯಾರೆ" ಎನ್ನುತ್ತಿದ್ದರು.

ತರಬೇತಿ ಶಿಬಿರ ಅವರ ಕಾಲೇಜಿನ ಅಂಗಳದಲ್ಲೇ ನಡೆದಿತ್ತು. ಎಲ್ಲ ಸುಸೂತ್ರವಾಗಿ ಸಾಗುತ್ತಿದ್ದಾಗ ಒಂದು ಮುಂಜಾನೆ ಧಾರವಾಡದಿಂದ ಸ್ಕೂಟಿ ಮೇಲೆ ಡಾಕ್ಟರ್ ವಿದ್ಯಾ ಬಂದರು. ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದವರು. ವಯಸ್ಸು ಮೂವತ್ತರೊಳಗೆ, ದನಿ ಮೆಲ್ಲಗೆ, ಕೈಯಲ್ಲಿ ಹನ್ನೆರಡು ಫಾರ್ಮು.

"ಸರ್, ಈ ವರ್ಷದಿಂದ ಹೊರಗ ಹೋಗೋ ಎಲ್ಲಾ ತಂಡಗಳಿಗೂ ಇದನ್ನ ಮಾಡ್ಲಿಕ್ಕತ್ತೀವಿ" ಎಂದರು. "ಇದು ಪರೀಕ್ಷಾ ಅಲ್ಲ. ಜ್ವರ ಅದ ಏನು ಅಂತ ಥರ್ಮಾಮೀಟರ್ ಇಟ್ಟು ನೋಡ್ತೀವಲ್ಲ, ಹಂಗ. ಹುಡುಗರು ಮೊಣಕಾಲು ನೋವು ಹೇಳ್ತಾರ. ಮನಸ್ಸಿಗೆ ನೋವಾದ್ರ ಹೇಳಂಗಿಲ್ಲ. ಒಬ್ಬೊಬ್ಬರ ಬ್ಯಾರೆ ಬ್ಯಾರೆ ಕೂತು, ಯಾರಿಗೂ ತೋರಿಸದ ತುಂಬಬೇಕು. ಹದಿನೆಂಟು ಪ್ರಶ್ನಿ, ಕೊನಿಗೆ ಒಂದು ಸಾಲು ಅವರ ಮಾತಿನಾಗ. ಇದರ ಮ್ಯಾಲೆ ನನ್ನ ಸಹಿ ಆದ್ರ ಪ್ರಯಾಣಕ್ಕ ಒಪ್ಪಿಗಿ."

"ಮೇಡಂ, ಈ ಹನ್ನೆರಡೂ ಮಂದಿ ಮನಸ್ಸು ನನ್ನ ಅಂಗೈಯಾಗ ಐತ್ರಿ" ಎಂದರು ಮಾಸ್ತರರು, ಕೋಟಿನ ಗುಂಡಿ ಸವರುತ್ತ.

"ಇರ್ಲಿ ಸರ್. ಆದ್ರೂ ಅವರ ತುಂಬಲಿ."

"ಆತ್ರಿ" ಎಂದರು ಮಾಸ್ತರರು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ವಾಚಕರಿಗೆ ತಿಳಿಸದೆ ಮುಂದೆ ಹೋಗುವಂತಿಲ್ಲ. ನಮ್ಮ ಕಾಲೇಜುಗಳಲ್ಲಿ ಆಟಗಾರನು ಆಡುತ್ತಾನೆ. ಅವನ ಫಾರ್ಮನ್ನು ಮಾಸ್ತರರು ತುಂಬುತ್ತಾರೆ. ಅರ್ಹತಾ ಪತ್ರ, ವಿಮೆಯ ಪತ್ರ, ರೈಲಿನ ರಿಯಾಯಿತಿ ಪತ್ರ, ಎತ್ತರ, ತೂಕ, ರಕ್ತದ ಗುಂಪು, ತಾಯಿಯ ಹೆಸರು ಎಲ್ಲವೂ ಮಾಸ್ತರರ ಅಕ್ಷರದಲ್ಲೇ. ಹುಡುಗ ಕೆಳಗೆ ಸಹಿ ಮಾಡುತ್ತಾನೆ. ಕೈಗೆ ಸಿಗದಿದ್ದರೆ ಅದೂ ಮಾಸ್ತರರ ಹೊಣೆ. ಮೂವತ್ತೊಂದು ವರ್ಷಗಳ ಈ ತಪಸ್ಸಿನಿಂದ ಉಡಚಪ್ಪ ಮಾಸ್ತರರು ಒಂದು ಸಿದ್ಧಾಂತವನ್ನು ಕಂಡುಕೊಂಡಿದ್ದರು: ಎಲ್ಲವೂ ಸರಿಯಾಗಿರುವ ಫಾರ್ಮನ್ನು ಯಾವ ಕಚೇರಿಯೂ ನಂಬುವುದಿಲ್ಲ. ಒಮ್ಮೆ ಹನ್ನೆರಡೂ ಹುಡುಗರಿಗೆ ಎಪ್ಪತ್ತು ಕಿಲೋ ತೂಕ ಬರೆದು ಕಳಿಸಿ, ಮರುಟಪಾಲಿಗೆ ವಾಪಸು ಪಡೆದವರು ಅವರು. ಅಂದಿನಿಂದ ಎಲ್ಲ ಫಾರ್ಮಿನಲ್ಲೂ ಚಿಟಿಕೆಯಷ್ಟು ಕುಂದು ಬೆರೆಸುವುದು ಅವರ ಕೈಗುಣವಾಗಿತ್ತು, ಪಲ್ಯಕ್ಕೆ ಉಪ್ಪು ಹಾಕಿದಂತೆ.

ಇನ್ನು ಹದಿನೈದೇ ದಿನ ಉಳಿದಿರುವಾಗ ಎರಡು ತಾಸಿನ ಅಭ್ಯಾಸ ಕೆಡಿಸಿ ಹುಡುಗರನ್ನು ಕೂರಿಸುವುದೆಂದರೇನು? ಸಂಜೆ ಐದಕ್ಕೆ ಮಾಸ್ತರರು ಮನೆಯ ಕಟ್ಟೆಯ ಮೇಲೆ ಹನ್ನೆರಡು ಫಾರ್ಮು, ಮೂರು ಬಣ್ಣದ ಪೆನ್ನು ಹರಡಿಕೊಂಡು ಕುಳಿತರು. ಸಾವಕ್ಕ ಪಕ್ಕದಲ್ಲಿ ಮೆಂತೆ ಸೋಸುತ್ತಿದ್ದಳು. ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದವಳು ನೆರೆಮನೆಯ ಅಖ್ತರಬೇಗಂ. ಅವಳ ಮಗ ರಸೂಲಸಾಬನೇ ತಂಡದ ಮೂಲೆಯಲ್ಲಿ ನಿಂತು ದಾಳಿಗಾರನನ್ನು ಹಿಡಿಯುವವನು.

"ಎಲ್ಲಾ 'ಎಂದೂ ಇಲ್ಲ' ಬರದ್ರ ಮೇಡಂ ನಂಬಂಗಿಲ್ಲ" ಎಂದು ಮಾಸ್ತರರು ಘೋಷಿಸಿದರು. "ಮನುಷ್ಯಾ ಅಂದಮ್ಯಾಲೆ ಎಲ್ಲಾರಿಗೂ ಏನು ಇರ್ತದೋ ಅಷ್ಟ ಬರಿತೀನಿ. ಹೆಚ್ಚಿಲ್ಲ, ಕಡಿಮಿಲ್ಲ." ಮತ್ತು ಓದಿದರು: "ನಿದ್ರೆಯ ನಡುವೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲವೆ? ಇದೇನ್ ಪ್ರಶ್ನಿ! ಮೂರಕ್ಕ ಕಣ್ಣು ಬಿಚ್ಚಿ ಜಂತಿ ಎಣಿಸೂದು ಎಲ್ಲಾರಿಗೂ ಇದ್ದದ್ದ. 'ದಿನಾಲೂ'."

"ನನಗ ಹಂಗಾಗಂಗಿಲ್ಲ" ಎಂದಳು ಸಾವಕ್ಕ.

"ನೀ ಗೊರಕಿ ಹೊಡಿಯಾಕಿ. ನಿನ್ನ ಲೆಕ್ಕ ಹಿಡಿಬಾರದು. ಮುಂದ. ಮೊದಲು ಸೇರುತ್ತಿದ್ದ ಊಟ ಈಗ ರುಚಿಸುವುದಿಲ್ಲವೆ? ವಯಸ್ಸಾದಂಗ ನಾಲಿಗಿ ಸಪ್ಪಗಾಗ್ತದ. 'ಬಹಳ ಸಲ'."

"ಇಪ್ಪತ್ತು ವರ್ಷದ ಹುಡುಗರಿಗೆ ಏನ್ ವಯಸ್ಸಾಗೇತ್ರಿ?" ಸಾವಕ್ಕನ ಕೈ ಮೆಂತೆಯಲ್ಲೇ ನಿಂತಿತು. "ಮೊನ್ನೆ ಎಣ್ಣಿಗಾಯಿ ಅರ್ಧಕ್ಕ ಬಿಟ್ಟು ಎದ್ರಲ್ಲ, ಅದಕ್ಕೇನು?"

"ನಾ ತಂಡದ ಸುದ್ದಿ ಹೇಳಾಕತ್ತೇನಿ, ನೀ ಎಣ್ಣಿಗಾಯಿ ತರತಿ! ಮುಂದ. ಕಾರಣವಿಲ್ಲದೆ ಕಣ್ಣಲ್ಲಿ ನೀರು ಬರುವುದುಂಟೆ?" ಮಾಸ್ತರರು ಪೆನ್ನನ್ನು ಸ್ವಲ್ಪ ಹೊತ್ತು ಕಿವಿಯ ಮೇಲೆ ಸಿಕ್ಕಿಸಿಕೊಂಡರು. "ಬಚ್ಚಲದಾಗ ಆದದ್ದನ್ನ ಯಾರೂ ಲೆಕ್ಕ ಹಿಡಿಯಂಗಿಲ್ಲ. ಆದ್ರೂ ಪ್ರಾಮಾಣಿಕ ಇರಬೇಕು. 'ಆಗಾಗ'."

ಸಾವಕ್ಕ ತಲೆಯೆತ್ತಿ ಗಂಡನ ಮುಖವನ್ನು ನೋಡಿದಳು. ಆಮೇಲೆ ಸೋಸಿಟ್ಟ ಸೊಪ್ಪನ್ನೇ ಮತ್ತೊಮ್ಮೆ ಸೋಸತೊಡಗಿದಳು.

ಹೀಗೆ ಹದಿನೆಂಟು ಪ್ರಶ್ನೆಗಳೂ ಮುಗಿದವು. ಕೊನೆಯ ಪ್ರಶ್ನೆ, 'ನಿಮ್ಮ ಮನಸ್ಸಿಗೆ ಪದೇ ಪದೇ ಬರುವ ಒಂದು ವಿಚಾರ' ಎಂಬುದನ್ನು ಮಾಸ್ತರರು ಗಟ್ಟಿಯಾಗಿ ಓದಲಿಲ್ಲ. ಕೈ ತಾನಾಗಿಯೇ ಒಂದು ಸಾಲು ಬರೆಯಿತು. ಉಳಿದ ಹನ್ನೊಂದು ಫಾರ್ಮಿಗೂ ಅದನ್ನೇ ನಕಲು ಮಾಡಿದರು, ಪೆನ್ನು ಬದಲಿಸಿ, ಅಕ್ಷರ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲಿಸಿ. ರಸೂಲಸಾಬ ಎಡಚನಾದ್ದರಿಂದ ಅವನದನ್ನು ಎಡಗೈಯಲ್ಲಿ ಬರೆದರು. ಕೆಲಸವೆಂದರೆ ಅಷ್ಟು ನಿಷ್ಠೆ.

ಐದನೆಯ ದಿನ ಕಾಲೇಜಿಗೆ ಒಂದು ಲಕೋಟೆ ಬಂತು. ಮೇಲೆ ಕೆಂಪು ಮಸಿಯಲ್ಲಿ 'ಗೋಪ್ಯ' ಎಂದಿದ್ದ ಕಾರಣ ಗುಮಾಸ್ತ ಶಶಿಕಾಂತ ಅದನ್ನು ಉಳಿದೆಲ್ಲ ಟಪಾಲಿಗಿಂತ ಮೊದಲು ಒಡೆದನು. ಒಳಗೆ ಹೀಗಿತ್ತು: ಇಪ್ಪತ್ತು ಅಂಕ ದಾಟಿದ ಆಟಗಾರರನ್ನು ಕರೆದು ಮಾತನಾಡಿಸುವುದು ನಿಯಮ. ಈ ತಂಡದ ಹನ್ನೆರಡೂ ಆಟಗಾರರು ತಲಾ ನಲವತ್ತೊಂದು ಅಂಕ ಪಡೆದಿದ್ದಾರೆ. ನಿದ್ರೆ ಇಲ್ಲ, ಊಟ ರುಚಿಸದು, ಅಕಾರಣವಾಗಿ ಅಳು. ಡಿಸೆಂಬರ್ ಆರರಂದು ಡಾಕ್ಟರ್ ವಿದ್ಯಾ ಖುದ್ದಾಗಿ ಬಂದು ಒಬ್ಬೊಬ್ಬರನ್ನೂ ಕಾಣುವರು; ಅಲ್ಲಿಯವರೆಗೆ ಪ್ರಯಾಣದ ಒಪ್ಪಿಗೆಯನ್ನು ತಡೆಹಿಡಿಯಲಾಗಿದೆ.

ಗೋಪ್ಯ ಸಮಾಚಾರ ಅರ್ಧ ತಾಸಿನಲ್ಲಿ ಕಾಲೇಜನ್ನು ಸುತ್ತಿತು. ಪ್ರಿನ್ಸಿಪಾಲರು ಮಾಳಿಗೆಯ ಮೇಲಿನ ಗಚ್ಚಿಯ ಬಾಗಿಲಿಗೆ ಬೀಗ ಹಾಕಿಸಿದರು. ಕ್ಯಾಂಟೀನಿನ ಗುರುಶಿದ್ದಪ್ಪ ಉಳ್ಳಾಗಡ್ಡಿ ಹೆಚ್ಚುವ ಚಾಕುವನ್ನು ಹಿಟ್ಟಿನ ಡಬ್ಬಿಯಲ್ಲಿ ಹುಗಿದು, ಕಬಡ್ಡಿ ಹುಡುಗರಿಗೆ ಗಾಜಿನ ಲೋಟ ತಪ್ಪಿಸಿ ಸ್ಟೀಲಿನದರಲ್ಲಿ ಚಹಾ ಕೊಡತೊಡಗಿದನು.

"ಕಾಕಾ, ಸಕ್ರಿ ಕಡಿಮಿ ಆಗೇತ್ರಿ" ಎಂದು ಒಬ್ಬ ಹುಡುಗ ಅಂದದ್ದೇ ತಡ, ಗುರುಶಿದ್ದಪ್ಪ ಡಬ್ಬಿಯನ್ನೇ ಮುಂದಿಟ್ಟು, "ಎಷ್ಟು ಬೇಕು ಹಾಕ್ಕೋ ನನ್ನ ಯಪ್ಪಾ, ಮನಸಿಗಿ ಮಾತ್ರ ಹಚ್ಚಿಕೋಬ್ಯಾಡ" ಎಂದು ಕಣ್ಣೊರೆಸಿಕೊಂಡನು.

ಹುಡುಗರಿಗೆ ತಲೆಬುಡ ತಿಳಿಯಲಿಲ್ಲ. ನಾಯಕ ಮಾಲತೇಶ ಎಲ್ಲರ ಪರವಾಗಿ ಬಂದನು. "ಸರ, ನಮಗ ಏನೋ ಆಗೇತಂತ. ನಾವು ಯಾವ ಫಾರ್ಮೂ ತುಂಬೇ ಇಲ್ಲಲ್ರಿ?"

"ನಾ ತುಂಬೇನಿ. ನಿಮ್ಮ ಟೈಮ್ ಉಳಸಾಕ."

"ಮತ್ತ ಹಂಗಂತ ಮೇಡಂಗ ಹೇಳಿಬಿಡ್ರಿ."

"ಹೇಳಿದ್ರ ಖೊಟ್ಟಿ ಫಾರ್ಮ್ ಅಂತ ತಂಡನ ರದ್ದು ಮಾಡ್ತಾರ! ನಿಮಗ ಮತ್ತೊಂದು ವರ್ಷ ಐತಿ. ನನಗ?" ಮಾಸ್ತರರ ದನಿ ಒಂದು ಕ್ಷಣ ಎಡವಿ, ಮತ್ತೆ ಸೀಟಿಯಷ್ಟು ಚೂಪಾಯಿತು. "ಒಂದ ದಾರಿ. ಮೇಡಂ ಕೇಳಿದ್ರ 'ಇತ್ರಿ, ಈಗ ಕಡಿಮಿ ಆಗೇತಿ' ಅನ್ನಬೇಕು. ಏನಿತ್ತು ಅನ್ನೂದನ್ನ ಬಾಯಿಪಾಠ ಮಾಡ್ರಿ."

ಅಂದಿನಿಂದ ಅಂಗಳದಲ್ಲಿ ಕಬಡ್ಡಿಯ ಇತಿಹಾಸವೇ ಕಾಣದ ಅಭ್ಯಾಸ ಶುರುವಾಯಿತು. ದಾಳಿಗೆ ಹೋದವನು 'ಕಬಡ್ಡಿ ಕಬಡ್ಡಿ' ಅನ್ನುವ ಬದಲು ಒಂದೇ ಉಸಿರಿನಲ್ಲಿ "ನಿದ್ದಿ ಬರಂಗಿಲ್ಲ, ಊಟ ಸೇರಂಗಿಲ್ಲ, ಮೂರಕ್ಕ ಎಚ್ಚರ, ಬಚ್ಚಲದಾಗ ಅಳು, ಈಗ ಕಡಿಮಿ ಆಗೇತಿ" ಎಂದು ಪಠಿಸುತ್ತ ಗೆರೆ ಮುಟ್ಟಿ ಬರಬೇಕು. ನಡುವೆ ಉಸಿರು ಬಿಟ್ಟರೆ ಔಟು. ಬೇಲಿಯಾಚೆ ಹೋಗುವ ಜನ ನಿಂತು ನೋಡಿ, ಹಣೆ ಮುಟ್ಟಿಕೊಂಡು, "ಪಾಪ, ಪೂರ್ತಿ ಕೈಬಿಟ್ಟೈತಿ" ಎಂದು ಮುಂದೆ ಸಾಗುತ್ತಿದ್ದರು.

ಡಿಸೆಂಬರ್ ಆರು ಬಂತು. ಡಾಕ್ಟರ್ ವಿದ್ಯಾರ ಸ್ಕೂಟಿ ಬರುವ ಮೊದಲೇ ಗಬ್ಬೂರಿನಿಂದ ಟೆಂಪೋ ಬಂತು. ಅದರಿಂದ ಇಳಿದವನು ಮಾಲತೇಶನ ತಂದೆ ಹೊಳೆಯಪ್ಪ; ಹಿಂದೆ ಸೋದರತ್ತೆ ಸಂಗವ್ವ, ಅವಳ ಉಡಿಯಲ್ಲಿ ಲಿಂಬೆಹಣ್ಣು, ಬೂದಿ, ಎರಡು ಸೇರು ಒಣಮೆಣಸಿನಕಾಯಿ.

"ಮಾಸ್ತರ!" ಹೊಳೆಯಪ್ಪನ ದನಿ ಅಂಗಳದ ಆ ತುದಿಗೆ ಮುಟ್ಟಿತು. "ನಮ್ಮ ವಂಶದಾಗ ಯಾರಿಗೂ ಮನಸ್ಸು ಅನ್ನೂದ ಇರಲಿಲ್ಲ. ನನ್ನ ಅಪ್ಪಗ ಇರಲಿಲ್ಲ, ನನಗಿಲ್ಲ. ಈ ಹುಡುಗಗ ಎಲ್ಲಿಂದ ಬಂತು? ನಿಮ್ಮ ಕಾಲೇಜಿಗೆ ಬಂದಮ್ಯಾಲೆ ಬಂದೈತಿ!"

ಸಂಗವ್ವ ಕಾಲಹರಣ ಮಾಡಲಿಲ್ಲ. ಹನ್ನೆರಡೂ ಹುಡುಗರನ್ನು ಸುತ್ತಾಗಿ ನಿಲ್ಲಿಸಿ, ಮೆಣಸಿನಕಾಯಿ ಇಳಿಸಿ, ಕೆಂಡಕ್ಕೆ ಹಾಕಿದಳು. ದೃಷ್ಟಿ ತೆಗೆಯುವಾಗ ಘಾಟು ಬರದಿದ್ದರೆ ದೃಷ್ಟಿ ಘನವಾಗಿದೆಯೆಂದು ಅರ್ಥವಂತೆ. ಎರಡು ಸೇರು ಮೆಣಸಿನಕಾಯಿಗೆ ಘಾಟು ಬಾರದೆ ಇರುವುದು ಸಾಧ್ಯವಿರಲಿಲ್ಲ. ಹುಡುಗರು ಕೆಮ್ಮಿದರು, ಹೊಳೆಯಪ್ಪ ಸೀನಿದನು. ಆಗ ತಾನೇ ಗೇಟಿನೊಳಗೆ ಬಂದ ಡಾಕ್ಟರ್ ವಿದ್ಯಾ, ಹನ್ನೆರಡೂ ಆಟಗಾರರು ದಳದಳ ಕಣ್ಣೀರು ಸುರಿಸುತ್ತ ನಿಂತಿದ್ದನ್ನು ಕಂಡು, "ಇಷ್ಟು ಜೋರು ಅದ ಅಂತ ತಿಳಿದಿರಲಿಲ್ಲ" ಎಂದು ಗಾಬರಿಯಾದರು.

ಅಷ್ಟರಲ್ಲಿ ಅಖ್ತರಬೇಗಂ ಅವರನ್ನು ತಡೆದು ನಿಲ್ಲಿಸಿದಳು. "ಮೇಡಂ, ನಮ್ಮ ರಸೂಲಗ ಊಟ ಸೇರಂಗಿಲ್ಲಂತ ಬರದಾನೇನ್ರಿ? ಇವತ್ತು ಮುಂಜಾನೆ ಹನ್ನೊಂದು ರೊಟ್ಟಿ ತಿಂದು ಬಂದಾನ. ಸೇರದ ಇದ್ದಾಗ ಇಷ್ಟಾದ್ರ, ಸೇರಿದ್ರ ನಾವು ಮನಿ ಮಾರಬೇಕ್ರಿ!"

ಡಾಕ್ಟರ್ ವಿದ್ಯಾರ ಹುಬ್ಬು ಮೊದಲ ಬಾರಿಗೆ ಸಣ್ಣಗೆ ಗಂಟಿಕ್ಕಿತು.

ಕ್ರೀಡಾ ಸಾಮಾನಿನ ಕೋಣೆಯಲ್ಲಿ ಸಂದರ್ಶನ ಆರಂಭವಾಯಿತು. ಮಾಲತೇಶ ಒಳಗೆ ಹೋಗಿ, ಕುರ್ಚಿಯಲ್ಲಿ ಕೂರುವ ಮೊದಲೇ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಒಪ್ಪಿಸಿದನು. ಕೊನೆಗೆ 'ಈಗ ಕಡಿಮಿ ಆಗೇತಿ' ಎಂದು, ಅಭ್ಯಾಸಬಲದಿಂದ ಮೇಜಿನ ಅಂಚನ್ನೂ ಮುಟ್ಟಿದನು.

"ಛಲೋ ಆತು" ಎಂದರು ವಿದ್ಯಾ. "ಆದ್ರ ಕೊನಿಗೆ ಒಂದು ಸಾಲು ಬರದೀಯಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳು. 'ಬರುವ ಜೂನ್ ಒಂದನೇ ತಾರೀಖು ಮುಂಜಾನೆ ಸೀಟಿ ಕೊರಳಿಗೆ ಹಾಕಿಕೊಂಡು ಎಲ್ಲಿಗೆ ಹೋಗಬೇಕು?'"

ಮಾಲತೇಶನಿಗೆ ಮಾಸ್ತರರು ಎಲ್ಲವನ್ನೂ ಕಲಿಸಿದ್ದರು. ಈ ಸಾಲನ್ನು ಮಾತ್ರ ಕಲಿಸಿರಲಿಲ್ಲ.

"ಜೂನ್ ಒಂದು… ನನ್ನ ಹುಟ್ಟಿದ ದಿನಾ ರಿ."

"ಮತ್ತ ಸೀಟಿ?"

"ಹುಟ್ಟಿದ ದಿನಕ್ಕ ಯಾರರ ಕೊಟ್ಟಾರು ಅಂತ…"

ಎರಡನೆಯವನೂ ಜೂನ್ ಒಂದು ತನ್ನ ಹುಟ್ಟಿದ ದಿನವೆಂದನು. ಮೂರನೆಯವನೂ ಹಾಗೆಯೇ ಅಂದನು. ಇದರಲ್ಲಿ ಸುಳ್ಳು ಏನೂ ಇರಲಿಲ್ಲ: ನಮ್ಮ ಕಡೆ ಹುಡುಗನನ್ನು ಶಾಲೆಗೆ ಹಾಕುವಾಗ ತಂದೆಗೆ ತಾರೀಖು ನೆನಪಿಲ್ಲದಿದ್ದರೆ ಮಾಸ್ತರರು ಜೂನ್ ಒಂದು ಎಂದು ಬರೆದುಕೊಳ್ಳುತ್ತಾರೆ, ಮತ್ತು ಯಾವ ತಂದೆಗೂ ನೆನಪಿರುವುದಿಲ್ಲ. ಹನ್ನೆರಡರಲ್ಲಿ ಒಂಬತ್ತು ಜನ ಸರ್ಕಾರದ ದಾಖಲೆಯಲ್ಲಿ ಒಂದೇ ದಿನ ಹುಟ್ಟಿದವರು.

ರಸೂಲಸಾಬ ಮಾತ್ರ ಬುದ್ಧಿ ಓಡಿಸಿದನು. "ಬಸ್ ಕಂಡಕ್ಟರ್ ನೌಕರಿ ಹತ್ತಬೇಕಂತೀನ್ರಿ ಮೇಡಂ. ಅದಕ್ಕ ಸೀಟಿ. ಎಲ್ಲಿಗೆ ಹೋಗಬೇಕು ಅನ್ನೂದನ್ನ ಡಿಪೋದವರು ಹೇಳ್ತಾರ್ರಿ."

ಹನ್ನೆರಡನೆಯವನು ಹೊರಗೆ ಹೋದ ಮೇಲೆ ಡಾಕ್ಟರ್ ವಿದ್ಯಾ ಫಾರ್ಮುಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಶಶಿಕಾಂತನನ್ನು ಕರೆದರು.

"ಈ ಕಾಲೇಜಿನ ನೌಕರರಾಗ ಜೂನ್ ಒಂದು ಹುಟ್ಟಿದವರು ಯಾರರ ಇದ್ದಾರೇನ್ರಿ?"

"ಉಡಚಪ್ಪ ಸರ್ ಇದ್ದಾರಲ್ರಿ. ಬರೋ ಮೇ ಮೂವತ್ತೊಂದಕ್ಕ ರಿಟೈರ್." ಶಶಿಕಾಂತ ತಗ್ಗಿದ ದನಿಯಲ್ಲಿ ಸೇರಿಸಿದನು: "ಗೋಪ್ಯ ಏನಿಲ್ರಿ. ಕೇಳಿದ್ರ ಯಾರರ ಹೇಳ್ತಾರ."

ಮಾಸ್ತರರನ್ನು ಒಳಗೆ ಕರೆಸಿದರು. ಅವರು ಕೋಟಿನ ಮೂರೂ ಗುಂಡಿ ಹಾಕಿಕೊಂಡು ಬಂದು ನಿಂತರು.

"ಸರ್, ಒಂದು ಫಾರ್ಮು ಕಡಿಮಿ ಬಿದ್ದದ" ಎಂದರು ವಿದ್ಯಾ. "ಮ್ಯಾನೇಜರ್ ಅಂದ್ರನೂ ತಂಡದವರ. ಇಲ್ಲೇ ಕೂತು ತುಂಬಿಕೊಡ್ರಿ."

ಮಾಸ್ತರರ ಎದೆಯ ಮೇಲಿನ ಭಾರ ಇಳಿಯಿತು. ಹುಡುಗರೆಲ್ಲ ಪಾಸಾದರೆಂದೇ ಇದರರ್ಥ! ಕುರ್ಚಿ ಎಳೆದುಕೊಂಡು, ಒಂದೊಂದು ಪ್ರಶ್ನೆಗೂ ಟಕಟಕನೆ ಗುರುತು ಹಾಕಿದರು. ನಿದ್ರೆ? ಎಂದೂ ತೊಂದರೆ ಇಲ್ಲ. ಊಟ? ಎಂದೂ ತೊಂದರೆ ಇಲ್ಲ. ಕಣ್ಣೀರು? ಎಂದೂ ಇಲ್ಲ. ಕೊನೆಯ ಸಾಲಿನಲ್ಲಿ 'ದೇವರ ದಯದಿಂದ ಎಲ್ಲಾ ಕ್ಷೇಮ' ಎಂದು ಬರೆದು, ಕೆಳಗೆ ಗೆರೆ ಎಳೆದು ಕೊಟ್ಟರು. ಒಟ್ಟು ಅಂಕ ಸೊನ್ನೆ.

ವಿದ್ಯಾ ಅದನ್ನು ಹನ್ನೆರಡರ ಪಕ್ಕಕ್ಕೆ ಇಟ್ಟರು. 'ಎಲ್ಲಿಗೆ'ಯ 'ಎ' ಮತ್ತು 'ಎಲ್ಲಾ ಕ್ಷೇಮ'ದ 'ಎ', ಎರಡೂ ಒಂದೇ ಕೈಯ ಮಕ್ಕಳೆಂದು ಕುರುಡನಿಗೂ ಕಾಣುವಂತಿತ್ತು.

"ಸರ್, ಎಲ್ಲಾ ಸರಿ ಇದ್ದ ಫಾರ್ಮು ನಾವು ನಂಬಂಗಿಲ್ರಿ" ಎಂದರು ವಿದ್ಯಾ, ಬಹಳ ಮೆಲ್ಲಗೆ. "ಈ ಹನ್ನೆರಡು ಯಾರವು?"

ಮಾಸ್ತರರು ಬಾಗಿಲ ಕಡೆ ನೋಡಿದರು. ಅಲ್ಲಿ ಹುಡುಗರ ಹನ್ನೆರಡು ತಲೆಗಳು ಒಂದರ ಮೇಲೊಂದು ಇಣುಕುತ್ತಿದ್ದ ಕಾರಣ ಆ ದಾರಿ ಮುಚ್ಚಿತ್ತು. ಕಿಟಕಿಯ ಕಡೆ ನೋಡಿದರು, ಅಲ್ಲಿ ಹೊಳೆಯಪ್ಪನಿದ್ದನು.

"ತಪ್ಪು ನನ್ನದ್ರಿ ಮೇಡಂ" ಎಂದರು ಕೊನೆಗೆ. "ಹುಡುಗರ ಟೈಮ್ ಉಳಸಾಕ ನಾನ ತುಂಬಿದೆ. ಅವರದೇನೂ ತಪ್ಪಿಲ್ಲ; ಬೇಕಾದ್ರ ನನ್ನ ತಗದು ಅವರನ್ನ ಕಳಸ್ರಿ. ಆದ್ರ ನಾ ಸುಳ್ಳು ಬರದಿಲ್ರಿ. ಎಲ್ಲಾ ಮನುಷ್ಯರಿಗೂ ಎಷ್ಟಿರ್ತದೋ ಅಷ್ಟ ಬರದೇನಿ."

"ಸರ್, ಇಷ್ಟು ಎಲ್ಲಾರಿಗೂ ಇರಂಗಿಲ್ರಿ."

"ಇರಂಗಿಲ್ಲೇನ್ರಿ?"

"ಇರಂಗಿಲ್ರಿ."

ಮೂವತ್ತೊಂದು ವರ್ಷ ಸೀಟಿ ಊದಿದ ಮಾಸ್ತರರು ಕೋಟಿನ ಮೇಲಿನ ಗುಂಡಿಯೊಂದನ್ನು ಬಿಚ್ಚಿದರು. ಆಮೇಲೆ ಎರಡನೆಯದನ್ನು. "ಹಂಗಾರ ಉಳಿದವರು ಮೂರು ಗಂಟೇಕ್ಕ ಏನ್ ಮಾಡ್ತಾರ್ರಿ?" ಎಂದು ಕೇಳಿದರು, ನಿಜವಾದ ಅಚ್ಚರಿಯಿಂದ.

"ಮಲಗಿರ್ತಾರ್ರಿ" ಎಂದಿತು ಬಾಗಿಲಲ್ಲಿನ ಒಂದು ತಲೆ. ಅದು ರಸೂಲಸಾಬನದು, ಉಳಿದ ಹನ್ನೊಂದು ಅವನ ನೆತ್ತಿಗೆ ಮೊಟಕಿದವು.

ಆ ಮಧ್ಯಾಹ್ನ ಹೊಸ ಫಾರ್ಮುಗಳು ಬಂದವು. ಹುಡುಗರು ಬೇವಿನ ಗಿಡದಡಿ ಹತ್ತತ್ತು ಮಾರು ದೂರ ಕುಳಿತು, ಬದುಕಿನಲ್ಲಿ ಮೊದಲ ಸಲ ತಮ್ಮ ಫಾರ್ಮನ್ನು ತಾವೇ ತುಂಬಿದರು. ಮೂವರು ತಾಯಿಯ ಹೆಸರಿನ ಕಾಗುಣಿತವನ್ನು ಮಾಸ್ತರರನ್ನೇ ಕೇಳಿದರು. ಹನ್ನೊಂದು ಜನರ ಅಂಕ ಹತ್ತರ ಕೆಳಗಿತ್ತು. ಒಬ್ಬನದು ಇಪ್ಪತ್ತಾರು.

ಅವನು ಮಾಲತೇಶ, ಎಲ್ಲರಿಗಿಂತ ಮೊದಲು ದಾಳಿಗೆ ನುಗ್ಗುವವನು. ಡಾಕ್ಟರ್ ಒಂದು ತಾಸು ಅವನೊಡನೆ ಮಾತಾಡಿದರು. ಹೊರಗೆ ಬಂದವನು ಮಾಸ್ತರರನ್ನೂ ತಂದೆಯನ್ನೂ ತಾನೇ ಕರೆದು ಹೇಳಿದನು: "ರೇಡಿಗೆ ಹೋಗೂ ಮೊದಲ ಎದಿ ಢವಢವ ಹೊಡಕೊಂಡು ಉಸಿರು ಸಿಗಂಗಿಲ್ರಿ ಸರ. ಕೈ ನಡಗ್ತಾವ. ಎರಡು ವರ್ಷ ಆತು. ನೀವು ಅದನ್ನ ಜೋಶ್ ಅಂತಿದ್ರಿ, ನಾನೂ ಹೂಂ ಅಂತಿದ್ದೆ."

ಹನ್ನೆರಡು ಮನಸ್ಸುಗಳನ್ನು ಅಂಗೈಯಲ್ಲಿ ಹಿಡಿದಿದ್ದ ಮಾಸ್ತರರು ತಮ್ಮ ಅಂಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. ಹೊಳೆಯಪ್ಪ ಮಾತ್ರ ಗಂಟಲು ಸರಿಪಡಿಸಿ, ತಗ್ಗಿದ ದನಿಯಲ್ಲಿ ಡಾಕ್ಟರರನ್ನು ಕೇಳಿದನು: "ಅವ್ವಾ, ಸಂತ್ಯಾಗ ಎತ್ತು ಕೊಳ್ಳೂ ಮುಂದ ನನಗೂ ಹಂಗ ಆಗ್ತದ. ಅದೂ ಮನಸ್ಸ ಏನು?"

"ಹೌದ್ರಿ ಕಾಕಾ."

"ಅಂದ್ರ ನಮ್ಮ ವಂಶದಾಗ ಮೊದಲಿಂದ ಐತಿ!" ಎಂದು ಹೊಳೆಯಪ್ಪ, ಕಳೆದ ಆಸ್ತಿ ಸಿಕ್ಕವನಂತೆ, ಸಂಗವ್ವನಿಗೆ ತಿಳಿಸಲು ಹೋದನು.

ಡಾಕ್ಟರ್ ವಿದ್ಯಾ ನಡೆದದ್ದನ್ನು ನಡೆದಂತೆಯೇ ವರದಿ ಬರೆದರು. ಮ್ಯಾನೇಜರ್ ತಪ್ಪು ತಿಳಿವಳಿಕೆಯಿಂದ ಫಾರ್ಮು ತುಂಬಿದ್ದಾರೆ. ಮರು ಪರಿಶೀಲನೆ ಆಗಿದೆ. ಮಾಲತೇಶನೂ ಸೇರಿ ತಂಡ ಪ್ರಯಾಣಕ್ಕೆ ಯೋಗ್ಯ. ಆದರೆ ಸಹಿ ಹಾಕುವ ಮೊದಲು ಪೆನ್ನನ್ನು ಎತ್ತಿ ಹಿಡಿದು, "ಒಂದು ಕರಾರು ಅದ ಸರ್. ಮಧುರೈಯಿಂದ ಬಂದಮ್ಯಾಲೆ ನೀವು ಪ್ರತಿ ಬುಧವಾರ ಮುಂಜಾನೆ ಹತ್ತಕ್ಕ ನನ್ನ ಕಡೆ ಬರಬೇಕು. ಬರೇ ಮಾತಾಡ್ಲಿಕ್ಕೆ" ಎಂದರು.

"ಧಾರವಾಡಕ್ಕೇನ್ರಿ?" ಮಾಸ್ತರರು ಹೌಹಾರಿದರು. ಧಾರವಾಡದಲ್ಲಿ ಹುಚ್ಚರ ದೊಡ್ಡ ದವಾಖಾನೆ ಇರುವುದರಿಂದ, 'ಅವನನ್ನು ಧಾರವಾಡಕ್ಕ ಕಳಸಬೇಕು' ಎಂದರೆ ಏನರ್ಥವೆಂದು ನಮ್ಮ ಸೀಮೆಯಲ್ಲಿ ಕೂಸಿಗೂ ಗೊತ್ತು. "ಮಂದಿ ಏನಂದಾರ್ರಿ?"

"ಮತ್ತ ನಿಮ್ಮ ಸಾಲಿಗೆ ಉತ್ತರ ಬ್ಯಾಡೇನು?" ವಿದ್ಯಾ ತಮ್ಮ ಚೀಲದಿಂದ ಬರುವ ವರ್ಷದ ಡೈರಿ ತೆಗೆದು ಹಾಳೆ ತಿರುವಿದರು. "ನೋಡ್ರಿ. ಜೂನ್ ಒಂದು ಬುಧವಾರನ ಬಂದದ. ಮುಂಜಾನೆ ಎದ್ದು ಎಲ್ಲಿಗೆ ಹೋಗಬೇಕು ಅಂತ ಕೇಳಿದ್ರಲ್ಲ? ನನ್ನ ಕಡೆ ಬರ್ರಿ. ಮುಂದಿಂದು ಅಲ್ಲಿ ಕೂತು ನೋಡೂಣು."

ಒಂದು ವರ್ಷ ನಿದ್ದೆ ಕೆಡಿಸಿದ ಪ್ರಶ್ನೆಗೆ ಉತ್ತರ ಇಷ್ಟು ಸಣ್ಣ ಡೈರಿಯಲ್ಲಿ ಇದ್ದೀತೆಂದು ಮಾಸ್ತರರು ಭಾವಿಸಿರಲಿಲ್ಲ. ಅವರು ಆ ಹಾಳೆಯನ್ನು ಎರಡು ಸಲ ಓದಿದರು.

ಸಂಜೆ ಮನೆಗೆ ಬಂದು ಹೇಳಿದಾಗ ಸಾವಕ್ಕ ಒಲೆಯ ಕಡೆ ಮುಖ ಮಾಡಿಯೇ ಅಂದಳು: "ವರ್ಷದಿಂದ ನಾನೂ ಇದನ್ನ ಹೇಳಾಕತ್ತೇನಿ. ನನ್ನ ಕಡೆ ಫಾರ್ಮ್ ಇರಲಿಲ್ಲ, ಅದಕ್ಕ ನಿಮ್ಮ ಕಿವಿಗೆ ಬೀಳಲಿಲ್ಲ." ಆ ರಾತ್ರಿ ಎಣ್ಣೆಗಾಯಿ ಎರಡು ಹೆಚ್ಚಿಗೆ ಬಡಿಸಿದಳು.

ಮಧುರೈಯಲ್ಲಿ ತಂಡ ಎರಡು ಪಂದ್ಯ ಗೆದ್ದು ಮೂರನೆಯದನ್ನು ಮೂರು ಅಂಕಗಳಿಂದ ಸೋತಿತು. ಮಾಲತೇಶ ಪ್ರತಿ ದಾಳಿಗೂ ಮೊದಲು, ಡಾಕ್ಟರ್ ಕಲಿಸಿದಂತೆ, ಗೆರೆಯ ಹತ್ತಿರ ನಿಂತು ನಿಧಾನ ಆರು ಸಲ ಉಸಿರಾಡುತ್ತಿದ್ದನು. ಎದುರಾಳಿಗಳು ಅದು ಯಾವುದೋ ಮಂತ್ರವೆಂದು ಹೆದರಿ ಹಿಂದೆ ಸರಿದದ್ದೂ ಉಂಟು. ರೈಲಿನಲ್ಲಿ ಮಾಸ್ತರರು ಹುಬ್ಬಳ್ಳಿಯವರೆಗೆ ಕೋಟು ಬಿಚ್ಚಲಿಲ್ಲ.

ಆಮೇಲೆ ಬುಧವಾರಗಳು ಶುರುವಾದವು. ಓಣಿಗೆ ಅನುಮಾನ ಬರಬಾರದೆಂದು ಮಾಸ್ತರರು ಫೇಡೆ ತರುವ ನೆಪ ಹೂಡಿದರು. ಧಾರವಾಡಕ್ಕೆ ಫೇಡೆಗಾಗಿ ಹೋದವನನ್ನು ಯಾರೂ ಏನೂ ಕೇಳುವುದಿಲ್ಲ. ಆದರೆ ಫೇಡೆ ತರಲೇಬೇಕಾಗುತ್ತದೆ. ವಾರಕ್ಕೊಂದು ಕಿಲೋದಂತೆ ಐದು ತಿಂಗಳು ತಂದು ಹಂಚಿದರು.

"ಮಾಸ್ತರ, ನಿಮ್ಮ ಫೇಡೆದಿಂದ ನನಗ ಸಕ್ರಿ ರೋಗ ಬಂತು" ಎಂದಳು ಅಖ್ತರಬೇಗಂ ಗೋಡೆಯಾಚೆಯಿಂದ. "ಮೇಡಂ ಕಡೆ ಹೊಂಟೀನಿ ಅಂತ ಖರೇ ಹೇಳಿಬಿಡ್ರಿ. ಇಡೀ ಓಣಿಗೆ ಗೊತ್ತೈತಿ. ಅಂದ್ರ ಫೇಡೆ ನಿಂತಾವು ಅಂತ ಯಾರೂ ಅಂದಿಲ್ಲ, ಅಷ್ಟ."

ಮೂರು ಗಂಟೆಯ ಎಚ್ಚರ ಮೊದಲು ನಾಲ್ಕಕ್ಕೆ ಹೋಯಿತು, ಆಮೇಲೆ ಐದಕ್ಕೆ. ಐದಕ್ಕೆ ಏಳುವುದು ರೋಗವಲ್ಲ, ಅದು ಮಾಸ್ತರಿಕೆ.

ಮೇ ಮೂವತ್ತೊಂದಕ್ಕೆ ಶಾಲು, ಹಾರ, ಭಾಷಣ ಎಲ್ಲ ಮುಗಿದವು. ಜೂನ್ ಒಂದರ ಮುಂಜಾನೆ ಉಡಚಪ್ಪ ಮಾಸ್ತರರು ಎದ್ದು, ಮಿಂದು, ಕೋಟು ತೊಟ್ಟು, ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದರೆ, ಧಾರವಾಡದ ಬಸ್ಸಿನ ಮುಂದೆ ಹನ್ನೆರಡು ಹುಡುಗರು ಸಾಲಾಗಿ ನಿಂತಿದ್ದರು.

"ನೀವೆಲ್ಲಿ ಹೊಂಟ್ರೋ?"

"ಇವತ್ತ ನಮ್ಮ ಒಂಬತ್ತು ಮಂದಿದೂ ಹುಟ್ಟಿದ ದಿನಾ ರಿ ಸರ" ಎಂದನು ಮಾಲತೇಶ. "ಫೇಡೆ ತಿನ್ನಾಕ ಹೊಂಟೀವಿ." ಅವನೇ ತಂತ್ರವನ್ನು ವಿವರಿಸಿದನು: ಹದಿಮೂರು ಜನ ಒಂದೇ ಬಾಕಿನ ಮೇಲೆ ಕುಳಿತರೆ, ತೋರಿಸಿಕೊಳ್ಳಲು ಬಂದವರು ಯಾರೆಂದು ಯಾರಿಗೂ ಗೊತ್ತಾಗುವುದಿಲ್ಲ.

ಧಾರವಾಡದ ಮನಶ್ಶಾಸ್ತ್ರ ವಿಭಾಗದ ಮೊಗಸಾಲೆಯಲ್ಲಿ ಅಂದು ಪ್ರವೇಶದ ಗದ್ದಲ. ಗುಮಾಸ್ತ ಶಶಿಕಾಂತನೂ ಯಾವುದೋ ಕಾಗದ ಹಿಡಿದು ಅಲ್ಲೇ ನಿಂತಿದ್ದನು. ಅವನ ಕಿವಿಗೆ ಬಿದ್ದ ಮಾತು ಹುಬ್ಬಳ್ಳಿಗೆ ಬಸ್ಸಿಗಿಂತ ಮೊದಲು ಮುಟ್ಟುವಂಥದು. ಹೊಸದಾಗಿ ಬಂದ ಸಿಪಾಯಿ ಬಾಗಿಲು ತೆರೆದು, ಬಾಕಿನ ತುಂಬ ಕುಳಿತ ಹದಿಮೂರು ಜನರನ್ನು ನೋಡಿ ತಬ್ಬಿಬ್ಬಾಗಿ, ಇಡೀ ಮೊಗಸಾಲೆಗೆ ಕೇಳುವಂತೆ ಕೂಗಿದನು:

"ಮೇಡಂಗ ತೋರಿಸಿಕೊಳ್ಳವ್ರು ಯಾರ್ರೀ ಇದರಾಗ?"

ಮೊದಲೇ ಮಾತಾಗಿದ್ದಂತೆ ಹನ್ನೆರಡು ಕೈಗಳು ಒಟ್ಟಿಗೆ ಮೇಲೆದ್ದವು.

ಉಡಚಪ್ಪ ಮಾಸ್ತರರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಶಶಿಕಾಂತನನ್ನೂ ನೋಡಿದರು. ಆಮೇಲೆ ಕೊರಳ ಸೀಟಿಯನ್ನು ಬಾಯಿಗಿಟ್ಟು ಒಮ್ಮೆ ಚುರುಕಾಗಿ ಊದಿದರು. ಹನ್ನೆರಡು ಕೈಗಳೂ ತಟ್ಟನೆ ಕೆಳಗಿಳಿದವು. ಮಾಸ್ತರರು ಎದ್ದು ನಿಂತು, ಕೋಟು ಎಳೆದು ಸರಿಮಾಡಿಕೊಂಡರು.

"ನಾನ್ರಿ" ಎಂದರು. "ಇವರು ಎಕ್ಸ್‌ಟ್ರಾ ಪ್ಲೇಯರ್ಸು."